ಮೂಗಿಗೆ ಒಂದು ಇಂಚು ಬಾಕಿ

ಜುಲೈ ಹದಿಮೂರು, ಭಾನುವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬರೆಯಲು ಕುಳಿತೆ. ಬಲ ಮೊಣಕೈಯಲ್ಲಿ ನಿನ್ನೆಯ ನೋವು ಇನ್ನೂ ಇದೆ. ಹಾಗಾಗಿ ಅಕ್ಷರ ಸ್ವಲ್ಪ ಓರೆಯಾಗಿ ಬೀಳುತ್ತಿದೆ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಮೂರು ವರ್ಷ ಕರಾಟೆ ಕಲಿತಿದ್ದೇನೆ. ಹಾಜರಾದ ತರಗತಿ 389. ತರಗತಿಗೆ ಮುನ್ನೂರರಂತೆ ಗಾಳಿಗೆ ಕೊಟ್ಟ ಗುದ್ದು ಒಂದು ಲಕ್ಷದ ಹದಿನಾರು ಸಾವಿರದ ಏಳುನೂರು. ಮನುಷ್ಯರಿಗೆ ತಗುಲಿದ್ದು ಎರಡು. ಎರಡಕ್ಕೂ ಅಲ್ಲೇ ನಿಂತು ಕ್ಷಮೆ ಕೇಳಿದ್ದೇನೆ.

ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದರೆ, ನನಗೆ ಬರೆದಿಡುವ ಅಭ್ಯಾಸ. ಬಿಜೈಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಊರವರ ಬಿಳಿ ರಕ್ತಕಣಗಳನ್ನು ಎಣಿಸಿ ಮನೆಗೆ ಬಂದರೆ ಎಣಿಸುವ ಕೈ ಕೂಡಲೇ ನಿಲ್ಲುವುದಿಲ್ಲ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡಕ್ಕೆ. ಕರೆಂಟು ಹೋದ ಸಲ, ತಿಂದ ಮಾವಿನಹಣ್ಣು, ಅಮ್ಮ ನನ್ನ ಮದುವೆಯ ಮಾತೆತ್ತಿದ ಸಲ, ಎಲ್ಲಕ್ಕೂ ನನ್ನ ಡೈರಿಯಲ್ಲಿ ಬೇರೆ ಬೇರೆ ಪುಟಗಳಿವೆ. ಕೊನೆಯದಕ್ಕೆ ಪುಟ ಸಾಲದೆ ಮೊನ್ನೆ ಹಾಳೆ ಅಂಟಿಸಿದೆ.

ನಮ್ಮ ಕರಾಟೆ ತರಗತಿ ನಡೆಯುವುದೂ ಬಿಜೈಯಲ್ಲೇ, ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರರಿಂದ ಏಳೂ ಕಾಲು. ಗುರುಗಳು ಹನೀಫ್ ಸರ್. ಏಳೂ ಕಾಲರ ತನಕ ಅವರು ಬಿಳಿ ಉಡುಪಿನ, ಕಪ್ಪು ಬೆಲ್ಟಿನ ಗುರು. ಒಂಬತ್ತೂವರೆಯ ನಂತರ ಪ್ಲೈವುಡ್ ವ್ಯಾಪಾರಿ. ಕೈಯಿಂದ ಹಲಗೆ ಒಡೆಯುವುದು ಕರಾಟೆಯ ಹೆಸರಾಂತ ದೃಶ್ಯವಷ್ಟೆ? ನಮ್ಮಲ್ಲಿ ಅದಿಲ್ಲ. ಹಲಗೆ ಮಾರಿ ಬದುಕುವವರಿಗೆ ಅದನ್ನು ಒಡೆಯುವುದರಲ್ಲಿ ಯಾವ ಶೌರ್ಯವೂ ಕಾಣಿಸುವುದಿಲ್ಲ.

ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ‘ಆತ್ಮರಕ್ಷಣೆಗಾಗಿ ಕರಾಟೆ’ ಎಂದಿದೆ. ಅದರ ಕೆಳಗೆ ಹಸಿರಿನಲ್ಲಿ ‘ಪೆಟ್ಟಾಗುವುದಿಲ್ಲ’ ಎಂದಿದೆ. ಈ ಎರಡನೆಯ ಸಾಲು ಮೊದಲು ಇರಲಿಲ್ಲವಂತೆ. ಹಿಂದೆ ಇಲ್ಲಿಯೂ ಇಬ್ಬಿಬ್ಬರನ್ನು ಎದುರುಬದುರು ಬಿಟ್ಟು ನಿಜವಾಗಿ ಹೊಡೆದಾಡಿಸುವ ಸ್ಪಾರಿಂಗ್ ಇತ್ತು. ಒಂದು ಶನಿವಾರ ಅದರಲ್ಲಿ ಒಬ್ಬನ ಮುಂದಿನ ಹಲ್ಲು ಅರ್ಧ ಹೋಯಿತು. ಮರುವಾರವೇ ಅವನ ಅಕ್ಕನ ಮೆಹಂದಿ. ನಮ್ಮ ಕಡೆ ಮೆಹಂದಿಯ ಆಲ್ಬಮ್ ಮದುವೆಯ ಆಲ್ಬಮ್ಮಿಗಿಂತ ದಪ್ಪವಿರುತ್ತದೆ. ಆ ದಪ್ಪ ಆಲ್ಬಮ್ಮಿನ ಉದ್ದಕ್ಕೂ ಹುಡುಗಿಯ ಏಕೈಕ ತಮ್ಮ ಬಾಯಿ ಬಿಗಿದುಕೊಂಡು, ಮದುವೆಗೆ ಒಪ್ಪಿಗೆ ಇಲ್ಲದವನಂತೆ ನಿಂತಿದ್ದಾನೆ. ಗಂಡಿನ ಕಡೆಯವರು ವಿಚಾರಿಸಿದರಂತೆ. ಹೆತ್ತವರ ಸಭೆ ಸೇರಿತು. ಸ್ಪಾರಿಂಗ್ ನಿಂತಿತು, ಬೋರ್ಡಿಗೆ ಹಸಿರು ಸಾಲು ಬಂತು, ಕಲಿಯುವವರ ಸಂಖ್ಯೆ ಇಮ್ಮಡಿಯಾಯಿತು.

ಆಮೇಲೆ ಬೆಳೆದು ಬಂದ ಪದ್ಧತಿ ಹೀಗೆ. ದಾಳಿ ಮಾಡುವವರು ಮೊದಲು ಘೋಷಿಸಬೇಕು: “ಬಲಗೈ! ಮುಖಕ್ಕೆ!” ಎದುರಿನವರು “ಹಾಂ” ಎಂದು ಒಪ್ಪಬೇಕು. ಇಬ್ಬರೂ ಬಗ್ಗಿ ವಂದಿಸಬೇಕು. ಸರ್ ಜಪಾನಿ ಭಾಷೆಯಲ್ಲಿ ‘ಇಚಿ, ನಿ, ಸಾನ್’ ಎಂದು ಮೂರು ಎಣಿಸಬೇಕು. ಆಮೇಲೆ ಗುದ್ದು. ಗುದ್ದು ಎದುರಾಳಿಯ ಮೂಗಿನಿಂದ ಸರಿಯಾಗಿ ಒಂದು ಇಂಚು ಈಚೆ ನಿಲ್ಲಬೇಕು. ಒಂದೂವರೆ ಇಂಚಿನಲ್ಲಿ ನಿಂತರೆ ಅಂಜುಬುರುಕತನ, ಅರ್ಧ ಇಂಚಿಗೆ ಹೋದರೆ ಅಹಂಕಾರ. ಮಣಿಕಟ್ಟು ಹಿಡಿದಾಗ ಬಿಡಿಸಿಕೊಳ್ಳುವುದಕ್ಕೂ ಇದೇ ಕ್ರಮ. ಹಿಡಿಯುವವರು ಹೇಳಿ ಹಿಡಿಯುತ್ತಾರೆ, ನಾವು ತಿರುಚಿದ ಕೂಡಲೇ ಸೌಜನ್ಯದಿಂದ ಬಿಡುತ್ತಾರೆ, ಕೆಲವರು ಕೆಳಕ್ಕೂ ಬೀಳುತ್ತಾರೆ.

“ಹೊಡೀಲಿಕ್ಕೆ ಯಾರಿಗೂ ಬರ್ತದೆ ಮಾರಾಯ್ತಿ. ನಿಲ್ಲಿಸ್ಲಿಕ್ಕೆ ಬರ್ಬೇಕು. ಅದಕ್ಕೆ ಕಂಟ್ರೋಲ್ ಅಂತ ಹೇಳುದು,” ಎನ್ನುತ್ತಾರೆ ಹನೀಫ್ ಸರ್.

ಕಂಟ್ರೋಲ್ ತಪ್ಪಿ ತಗುಲಿದರೆ ಇಡೀ ತರಗತಿ ನಿಲ್ಲುತ್ತದೆ. ಹೊಡೆದವರು “ಪೆಟ್ಟಾಯ್ತಾ? ಪೆಟ್ಟಾಯ್ತಾ?” ಎನ್ನುತ್ತಾರೆ, ಹೊಡೆಸಿಕೊಂಡವರು “ಎಂತದ್ದೂ ಆಗ್ಲಿಲ್ಲ, ನಿಮ್ಮ ಕೈಗೆ ಆಯ್ತಾ?” ಎನ್ನುತ್ತಾರೆ. ಊಟದ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆಗೆ ನಡೆಯುವಂಥ ಉಪಚಾರ ಒಂದೆರಡು ನಿಮಿಷ ನಡೆಯುತ್ತದೆ. ನನ್ನ ಎರಡು ಗುದ್ದಿಗೂ ಈ ಮರ್ಯಾದೆ ಸಿಕ್ಕಿದೆ.

ಇದನ್ನು ಹಾಸ್ಯ ಮಾಡುವ ಮೊದಲು ನ್ಯಾಯವಾಗಿ ಯೋಚಿಸಬೇಕು. ತಗುಲದ ಯುದ್ಧ ನಮ್ಮ ಕರಾವಳಿಗೆ ಹೊಸದಲ್ಲ. ಯಕ್ಷಗಾನದಲ್ಲಿ ಬಾಣ ಬಿಟ್ಟವನೂ ಬಾಣ ತಾಗಿದವನೂ ಒಂದೇ ತಾಳಕ್ಕೆ ಕುಣಿಯುತ್ತಾರೆ. ಯಾರು ಸೋಲಬೇಕೆಂದು ಭಾಗವತರಿಗೆ ಗೊತ್ತು, ಸೋಲುವವನಿಗೆ ಗೊತ್ತು, ಎದುರಿನ ಕುರ್ಚಿಯಲ್ಲಿ ತೂಕಡಿಸುವವರಿಗೂ ಗೊತ್ತು. ಗರಡಿಗಳನ್ನೇ ನೋಡಿ. ಒಂದು ಕಾಲದಲ್ಲಿ ಅಲ್ಲಿ ಅಂಗಸಾಧನೆ, ಕತ್ತಿವರಸೆ ಕಲಿಯುತ್ತಿದ್ದರಂತೆ. ಈಗ ಅವು ದೈವದ ಗುಡಿಗಳು, ಅಲ್ಲಿನ ಕತ್ತಿಗೆ ಹೂವು ಇಟ್ಟು ಕೈಮುಗಿಯುತ್ತೇವೆ. ನಾನೂ ಭಕ್ತಿಯಿಂದಲೇ ಮುಗಿಯುತ್ತೇನೆ. ಆದರೆ ಮುಗಿದು ಹೊರಗೆ ಬಂದ ಮೇಲೆ ನನಗೆ ಕತ್ತಿ ಬೀಸಲು ಬರುತ್ತದೆ ಎಂದು ಯಾವತ್ತೂ ಅನ್ನಿಸಿಲ್ಲ. ರಾಕ್ಷಸನ ವೇಷ ಹಾಕುವವರೂ ತಮ್ಮ ಕುಣಿತದಿಂದ ಬಸ್ಸಿನ ಕಿಸೆಗಳ್ಳನನ್ನು ಹಿಡಿಯುತ್ತೇವೆ ಎಂದು ಹೇಳಿಕೊಂಡದ್ದನ್ನು ಕೇಳಿಲ್ಲ. ವ್ಯತ್ಯಾಸ ಇಷ್ಟೇ. ಅವರು ಯಾರೂ ಬೋರ್ಡಿನಲ್ಲಿ ‘ಆತ್ಮರಕ್ಷಣೆಗಾಗಿ’ ಎಂದು ಬರೆಸಿಲ್ಲ.

ನನಗೂ ಈ ವ್ಯತ್ಯಾಸ ಹೊಳೆದದ್ದು ತಡವಾಗಿ. ಮೇ ಆರು, ಮಂಗಳವಾರ, ಸಂಜೆ ಆರೂ ಹತ್ತು. ಹಂಪನಕಟ್ಟೆಯಲ್ಲಿ ಸಿಟಿ ಬಸ್ಸು ಹತ್ತಿದ್ದೆ. ನಿಲ್ಲಲು ಜಾಗವಿತ್ತು, ಅಂದರೆ ಒಂದು ಪಾದಕ್ಕೆ. ಹಿಂದಿನಿಂದ ಒಬ್ಬ ಗೃಹಸ್ಥ, ಬಸ್ಸು ಓಲಾಡದೆ ಇದ್ದಾಗಲೂ ಓಲಾಡುತ್ತಾ, ಮೊಣಕೈಯನ್ನು ನನ್ನ ಬೆನ್ನಿಗೆ ಒತ್ತುತ್ತಿದ್ದ. ಒಂದು ಸಲ ಸರಿದು ನಿಂತೆ. ಅವನೂ ಸರಿದ. ಎರಡನೇ ಸಲವೂ ಹಾಗೇ ಆಯಿತು. ಮೂರನೆಯ ಸಲ ನಾನು ಏನು ಮಾಡಿದೆ ಎಂದರೆ, ಕಾದೆ. ಹೌದು, ಕಾದೆ. ಯಾವ ಕೈ, ಎಲ್ಲಿಗೆ ಎಂದು ಅವನು ಹೇಳಿರಲಿಲ್ಲ. ಹೇಳದೆ ಶುರುಮಾಡುವ ದಾಳಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಕೊನೆಗೆ ತಿರುಗಿ ನಿಂತು ಗುದ್ದಿದೆ. ಸುಳ್ಳಲ್ಲ, ಆ ಗುದ್ದು ಚೆನ್ನಾಗಿತ್ತು. ಸೊಂಟ ತಿರುಗಿತು, ಭುಜ ಏಳಲಿಲ್ಲ, ಮುಷ್ಟಿ ಕೊನೆಯಲ್ಲಿ ಹೊರಳಿತು. ಹನೀಫ್ ಸರ್ ಇದ್ದಿದ್ದರೆ ತಲೆದೂಗುತ್ತಿದ್ದರು. ಮುಷ್ಟಿ ಹೋಗಿ ಅವನ ಮೂಗಿನಿಂದ ಒಂದು ಇಂಚು ಈಚೆ ನಿಂತಿತು. ಅಲ್ಲೇ ಉಳಿಯಿತು. ಮುಂದೆ ಹೋಗಲು ನಾನು ಹೇಳಿದರೂ ಹೋಗಲಿಲ್ಲ. ಅಷ್ಟರೊಳಗೆ ಲಕ್ಷಕ್ಕೂ ಮಿಕ್ಕಿ ಸಲ ನಿಂತ ಕೈ ಅದು.

ಅವನು ಮುಷ್ಟಿಯನ್ನು ನೋಡಿದ, ನಾನೂ ನೋಡಿದೆ. ಅಷ್ಟರಲ್ಲಿ ಕಂಡಕ್ಟರ್ ಬಂದವರು, “ಬಿಜೈ ಅಲ್ವಾ ಅಕ್ಕ? ಹಿಡ್ಕೊಳ್ಳಿ,” ಎಂದು ಟಿಕೆಟನ್ನು ನನ್ನ ಬೆರಳ ಸಂದಿಗೆ ಸಿಕ್ಕಿಸಿ ಮುಂದೆ ಹೋದರು. ನಾನು “ಥ್ಯಾಂಕ್ಸ್” ಎಂದೆ. ಗೃಹಸ್ಥ ಮುಂದಿನ ಸ್ಟಾಪಿನಲ್ಲಿ ಇಳಿದ. ಹೆದರಿ ಇಳಿದನೋ, ಅವನ ಸ್ಟಾಪೇ ಅದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ರಾತ್ರಿಯ ಡೈರಿಯಲ್ಲಿ ಹೀಗಿದೆ: ‘ಸಂದರ್ಭ 1. ಪೆಟ್ಟು 0. ಟಿಕೆಟ್ 1.’

ಬರೆದು ಮುಗಿಸಿದ ಮೇಲೆ ನನ್ನ ಡ್ರೈವಿಂಗ್ ಲೈಸೆನ್ಸ್ ನೆನಪಾಯಿತು. ಅದನ್ನು ಪಡೆದದ್ದು ಖಾಲಿ ಮೈದಾನದಲ್ಲಿ ಸ್ಕೂಟರಿನಿಂದ ಎಂಟು ಬರೆದು. ಕಾಲು ನೆಲಕ್ಕೆ ತಾಗಿಸದೆ ಬರೆದೆ, ಶಹಬ್ಬಾಸ್ ಎಂದರು. ಮರುದಿನ ನಂತೂರು ವೃತ್ತಕ್ಕೆ ಹೋದರೆ ಮೂರು ಕಡೆಯಿಂದ ಲಾರಿ, ನಾಲ್ಕನೆಯ ಕಡೆಯಿಂದ ಎಕ್ಸ್‌ಪ್ರೆಸ್ ಬಸ್ಸು. ಅಲ್ಲಿ ಯಾರಿಗೂ ನನ್ನ ಎಂಟು ಬೇಕಿರಲಿಲ್ಲ. ಎಂಟು ಬರೆಯುವುದು ಕೆಟ್ಟದ್ದೇನಲ್ಲ, ಸ್ಕೂಟರ್ ಬೀಳದಂತೆ ಹಿಡಿಯಲು ಅದರಿಂದಲೇ ಬಂದದ್ದು. ಆದರೆ ಎಂಟಿನಲ್ಲಿ ಲಾರಿ ಇರುವುದಿಲ್ಲ.

ಇಷ್ಟೇ ಆಗಿದ್ದರೆ ಇದು ನನ್ನೊಬ್ಬಳ ನಗೆಪಾಟಲು ಎಂದು ಪುಟ ತಿರುಗಿಸುತ್ತಿದ್ದೆ. ತೊಂದರೆ ಏನೆಂದರೆ, ಇದೇ ಕರಾಟೆಯ ಮೇಲೆ ಪೂರ್ಣಿಯ ಕೆಲಸ ನಿಂತಿತ್ತು.

ಪೂರ್ಣಿ ಎಂದರೆ ಪೂರ್ಣಿಮಾ, ನನ್ನ ಚಿಕ್ಕಮ್ಮನ ಮಗಳು, ಇಪ್ಪತ್ತೆರಡು ವರ್ಷ. ನಮ್ಮ ಮನೆಯಿಂದ ಎರಡು ಮನೆ ಆಚೆ ಅವರ ಮನೆ. ವಾಮಂಜೂರಿನ ಕಡೆಯ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಜುಲೈ ಒಂದಕ್ಕೆ ಸೇರಬೇಕು. ಕೆಲಸ ಬಿಡುವಾಗ ಏಳೂವರೆ, ಶನಿವಾರ ಮಾತ್ರ ಮಧ್ಯಾಹ್ನ. ನಂತೂರಿನಲ್ಲಿ ಇಳಿದು, ಲಾರಿಗಳ ನಡುವೆ ರಸ್ತೆ ದಾಟಿ, ಇನ್ನೊಂದು ಬಸ್ಸಿಗೆ ಕಾಯಬೇಕು. ಅವಳ ಅಪ್ಪ ಮಸ್ಕತ್‌ನಲ್ಲಿ. ಅಪ್ಪ ಇಲ್ಲಿಯೇ ಇದ್ದಿದ್ದರೂ ಇಂಥ ವಿಷಯದಲ್ಲಿ ಕೊನೆಯ ಮಾತು ಮಾವನದ್ದು. ತಾಯಿಯ ಅಣ್ಣನ ಮಾತು ನಡೆಯುವ ಮನೆಗಳು ನಮ್ಮವು. ಮಾವನಿಗೆ ಹಂಪನಕಟ್ಟೆಯಲ್ಲಿ ಕೊಡೆ, ಬ್ಯಾಗುಗಳ ಅಂಗಡಿ ಇದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಶಾರ್ಜಾದಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಅವರು ಎರಡು ವರ್ಷದ ಹಿಂದೆಯೇ ಹೇಳಿದ್ದರು: “ಬ್ರೌನ್ ಬೆಲ್ಟ್ ಬರ್ಲಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಕೆಲಸಕ್ಕೆ ಹೋಗ್ಲಿ, ನನ್ನದು ಎಂತ ಉಂಟು?” ಏಪ್ರಿಲಿನಲ್ಲಿ ನಮ್ಮದೇ ತರಗತಿಯಿಂದ ಪೂರ್ಣಿಗೆ ಬ್ರೌನ್ ಬೆಲ್ಟ್, ಅಂದರೆ ಕಪ್ಪಿನ ಕೆಳಗಿನದು, ಬಂತು. ಚಿಕ್ಕಮ್ಮ ಅದನ್ನು ಇಸ್ತ್ರಿ ಹಾಕಿ, ಶೋಕೇಸಿನಲ್ಲಿ ಬೆಳ್ಳಿಯ ದೀಪದ ಪಕ್ಕ ಇಟ್ಟರು.

ಬಸ್ಸಿನ ಕಥೆಯನ್ನು ನಾನು ಪೂರ್ಣಿಗೆ ಹೇಳಿದೆ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನಿನ್ನ ಕೈ ನಿಂತ್ರೆ ನನ್ನದೂ ನಿಲ್ತದಲ್ಲ?” ಎಂದಳು. ನಾನು ಲೆಕ್ಕ ಹಾಕಿ, “ನಿನಗೆ ಎಪ್ಪತ್ತೆರಡು ಸಾವಿರದಷ್ಟು ಅಭ್ಯಾಸ ಆಗಿದೆ. ನಿಲ್ಲಬೇಕು,” ಎಂದೆ.

“ಲೆಕ್ಕ ಯಾರು ಕೇಳಿದ್ರು ನಿನ್ನ ಹತ್ರ? ಈ ಪುಸ್ತಕ ಮಾವನ ಕೈಗೆ ಸಿಕ್ಕಿದ್ರೆ ಉಂಟಲ್ಲ, ನನ್ನ ಕೆಲಸ ಹೋಯ್ತು. ಆಮೇಲೆ ನಿನ್ನ ಮುಖಕ್ಕೆ ಒಂದು ಇಂಚು ಬಿಡುದಿಲ್ಲ ನಾನು.”

ಅವಳ ಸ್ಥಿತಿ ವಿಚಿತ್ರವಾಗಿತ್ತು. ಬೆಲ್ಟು ನಿಜವೆಂದು ಮಾವ ನಂಬಿದರೆ ಕೆಲಸ ಉಳಿಯುತ್ತದೆ. ಆದರೆ ನಂತೂರಿನಲ್ಲಿ ಇಳಿಯುವುದು ಮಾವ ಅಲ್ಲ, ಅವಳು. ಸುಳ್ಳೆಂದು ಬಾಯಿ ಬಿಟ್ಟರೆ ಮನೆಯಲ್ಲಿ ಕೂರಬೇಕು. ಬಾಯಿ ಮುಚ್ಚಿದರೆ ಸುಳ್ಳನ್ನೇ ಸೊಂಟಕ್ಕೆ ಕಟ್ಟಿಕೊಂಡು ದಿನಾ ರಸ್ತೆ ದಾಟಬೇಕು. ಉಳಿದ ದಾರಿ ಒಂದೇ. ಬೆಲ್ಟು ಹೇಳುವುದನ್ನು ಜುಲೈ ಒಂದರೊಳಗೆ ನಿಜ ಮಾಡುವುದು.

ನಾನು ಹನೀಫ್ ಸರ್ ಅವರ ಪ್ಲೈವುಡ್ ಅಂಗಡಿಗೆ ಹೋದೆ. ತರಗತಿಯಲ್ಲಿ ಕೇಳಿದರೆ ಗುರುವಾಗಿ ಉತ್ತರಿಸುತ್ತಾರೆ, ಅಂಗಡಿಯಲ್ಲಿ ಕೇಳಿದರೆ ಮನುಷ್ಯರಾಗಿ ಎಂದು ನನ್ನ ಎಣಿಕೆ. ಬಸ್ಸಿನ ಕಥೆ ಕೇಳಿ ಅವರು ನಗಲಿಲ್ಲ. ಅಳತೆಯ ಟೇಪನ್ನು ಸುತ್ತಿ ಪಕ್ಕಕ್ಕಿಟ್ಟರು.

“ಒಂದು ಇಂಚಿಗೆ ಸರಿ ನಿಂತಿತಾ?”

“ಸರಿ ಒಂದು ಇಂಚು, ಸರ್.”

“ಫಾರ್ಮ್ ಒಳ್ಳೇದುಂಟು ಹಾಗಾದ್ರೆ,” ಎಂದವರು, ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನಾನೆಂತ ಮಾಡ್ಲಿ ಮಾರಾಯ್ತಿ? ಪೆಟ್ಟು ಕಲಿಸಿದ್ರೆ ಮಕ್ಕಳು ಬರುದಿಲ್ಲ, ಕಲಿಸದಿದ್ರೆ ಕರಾಟೆ ಬರುದಿಲ್ಲ. ಮಕ್ಕಳಾದ್ರೂ ಬರ್ಲಿ ಅಂತ ಬಿಟ್ಟೆ.” ಎಡಗೈಯ ಕಿರುಬೆರಳು ತೋರಿಸಿದರು. ಅದು ಎರಡನೆಯ ಗೆಣ್ಣಿನಲ್ಲಿ ಹೊರಕ್ಕೆ ತಿರುಗಿತ್ತು. “ಇದು ನಾನು ಕಲಿತದ್ದು. ಬಾಕಿ ಎಲ್ಲ ನಾನು ಕಲಿಸಿದ್ದು.”

ಆಮೇಲೆ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಅದರಲ್ಲಿ ಎರಡು ಜೊತೆ ದಪ್ಪ ಗ್ಲೌಸು, ತಲೆಗೆ ಹಾಕುವ ಎರಡು ಗಾರ್ಡ್ ಇದ್ದವು. ಮೂರು ಮಳೆಗಾಲದ ಬೂಷ್ಟು ಹಿಡಿದಿತ್ತು. “ಬಿಸಿಲಿಗೆ ಹಾಕಿ. ಹಲ್ಲಿಗೆ ಗಾರ್ಡ್ ಹೊಸತು ತೆಗೀರಿ. ಮುಖಕ್ಕೆ ನಿಧಾನ, ಮೈಗೆ ಗಟ್ಟಿ. ಹೇಳಿ ಹಿಡಿಬೇಡಿ, ಹಿಡಿದ ಮೇಲೆ ಪಾಪ ಅಂತ ಬಿಡ್ಬೇಡಿ. ಮತ್ತೆ, ಬೋರ್ಡಿನ ಕೆಳಗೆ ಮಾಡ್ಬೇಡಿ,” ಎಂದರು.

ಹೀಗೆ ಮೇ ಹದಿನೇಳರ ಶನಿವಾರದಿಂದ ಚಿಕ್ಕಮ್ಮನ ಮನೆಯ ಟೆರೇಸಿನಲ್ಲಿ ನಮ್ಮ ಗುಟ್ಟಿನ ತರಗತಿ ಶುರುವಾಯಿತು. ಬುಧವಾರ ಮತ್ತು ಶನಿವಾರ, ಸಂಜೆ ಐದೂವರೆಗೆ. ಟೆರೇಸಿಗೆ ಶೀಟಿನ ಮಾಡು ಇದೆ, ಮಳೆ ಬಂದರೆ ನಮ್ಮ ಸದ್ದು ಕೇಳುವುದಿಲ್ಲ. ಮಳೆ ಇಲ್ಲದ ದಿನ ಚಿಕ್ಕಮ್ಮನಿಗೆ ಡ್ಯಾನ್ಸ್ ಪ್ರಾಕ್ಟೀಸ್ ಎಂದು ಹೇಳಿದೆವು. ನಿಯಮ ಸರಳ. ನಾನು ಇಪ್ಪತ್ತು ಸಲ ಹೇಳದೆ ಕೇಳದೆ ಹಿಡಿಯುವುದು, ಹತ್ತು ಸೆಕೆಂಡಿನಲ್ಲಿ ಪೂರ್ಣಿ ಬಿಡಿಸಿಕೊಂಡು ಮೆಟ್ಟಿಲ ಬಾಗಿಲು ಮುಟ್ಟುವುದು. ಆಮೇಲೆ ಅದಲುಬದಲು.

ಮೊದಲ ದಿನ ಪೂರ್ಣಿ ಬಿಡಿಸಿಕೊಂಡದ್ದು ಇಪ್ಪತ್ತರಲ್ಲಿ ಎರಡು. ನಾನು ಒಂದು. ನಾವು ಕಲಿತ ತಿರುಚುವ ಉಪಾಯಗಳಲ್ಲಿ ಸುಳ್ಳೇನಿರಲಿಲ್ಲ, ಆದರೆ ಒಂದೂ ಸಮಯಕ್ಕೆ ನೆನಪಾಗಲಿಲ್ಲ. ಹಿಡಿದ ಕೂಡಲೇ ಉಸಿರು ಕಟ್ಟುತ್ತಿತ್ತು, ಕಾಲು ಸೇರಿಕೊಳ್ಳುತ್ತಿತ್ತು. ಎರಡು ಸಲ ಪೂರ್ಣಿ ಬಿಡಿಸಿಕೊಳ್ಳುವ ಬದಲು ಅಭ್ಯಾಸಬಲದಿಂದ ನನಗೆ ಬಗ್ಗಿ ವಂದಿಸಿದಳು. ವಂದಿಸುವವಳನ್ನು ಹಿಡಿದುಕೊಂಡಿರುವುದು ಎಷ್ಟು ಸುಲಭ ಎಂದು ನನಗೆ ಅಂದು ತಿಳಿಯಿತು. ಮೊದಲ ವಾರ ನಾವು ಕಲಿತ ದೊಡ್ಡ ವಿದ್ಯೆ ಎಂದರೆ ಪೆಟ್ಟು ತಗುಲಿದ ಮೇಲೂ ಕಣ್ಣು ಬಿಟ್ಟಿರುವುದು. ಅದು ಬೆಲ್ಟಿನ ಪರೀಕ್ಷೆಯಲ್ಲಿ ಇರಲಿಲ್ಲ.

ನಾಲ್ಕನೆಯ ದಿನ ಐದು. ಆರನೆಯ ದಿನ ಪುನಃ ನಾಲ್ಕು. ಒಂಬತ್ತನೆಯ ದಿನ, ಜೂನ್ ಹದಿನಾಲ್ಕಕ್ಕೆ, ಹನ್ನೊಂದು. ಹನ್ನೊಂದನೆಯದರ ಸಂತೋಷದಲ್ಲಿ ಪೂರ್ಣಿ ಹಲ್ಲಿನ ಗಾರ್ಡ್ ತೆಗೆದು ನಕ್ಕಳು. ಅಷ್ಟು ಹೊತ್ತಿಗೆ ನನ್ನ ಮೊಣಕೈ ಹೊರಟಾಗಿತ್ತು. ತುಟಿ ಒಡೆಯಿತು. ಹಲ್ಲು ಉಳಿಯಿತು. ಮೊದಲು ಅದನ್ನೇ ಎಣಿಸಿದೆ.

ಮರುದಿನ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮಾವ ಬಂದರು. ಮಳೆ ಹಿಡಿದ ಮೇಲೆ ಕೊಡೆ ಅಂಗಡಿಗೆ ಭಾನುವಾರದ ರಜೆಯಿಲ್ಲ. ತಂಗಿಯ ಮನೆಯಲ್ಲಿ ತಿಂಡಿ ತಿಂದು ಹೋಗುವ ಕ್ರಮ. ನಾನೂ ಅಲ್ಲಿದ್ದೆ. (ಮಾತು ನಡೆದ ತುಳುವನ್ನು ಕನ್ನಡಕ್ಕೆ ತಂದಿದ್ದೇನೆ, ಬೈಗುಳಗಳನ್ನು ಅಲ್ಲೇ ಬಿಟ್ಟಿದ್ದೇನೆ.) ಪೂರ್ಣಿ ಅಕ್ಕಿಯ ಪುಂಡಿ ಕಡುಬನ್ನು ಗುಬ್ಬಿಯಂತೆ ಚೂರು ಚೂರು ಮಾಡಿ ಬಾಯಿಯ ಒಂದು ಬದಿಯಿಂದ ತಿನ್ನುತ್ತಿದ್ದಳು.

“ತುಟಿಗೆ ಎಂತ ಆಯ್ತು?” ಎಂದರು ಮಾವ.

“ಕರಾಟೆ, ಮಾವ.”

“ಪೆಟ್ಟಾಗುದಿಲ್ಲ ಅಂತ ಬೋರ್ಡಿನಲ್ಲಿ ಉಂಟಲ್ಲ? ಸೇರಿಸುವಾಗ ನಾನೇ ಓದಿದ್ದೇನೆ.”

“ನನಗೆ ಆಗ್ಲೇ ಸಂಶಯ ಬಂದಿತ್ತು ಅಣ್ಣ,” ಚಿಕ್ಕಮ್ಮ ಒಳಗಿನಿಂದಲೇ ಹೇಳಿದರು. “ಇವರ ಡ್ಯಾನ್ಸಿಗೆ ಪದ್ಯವೇ ಇಲ್ಲ, ಬರೇ ಧಡಬಡ.”

ಮಾವ ನನ್ನ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಏನಾದರೂ ಗೊತ್ತಾಗಬೇಕಾದರೆ ಯಾರೂ ನನ್ನನ್ನು ಕೇಳುವುದಿಲ್ಲ. “ಚೈತ್ರಾ, ಪುಸ್ತಕ ತಾ,” ಎಂದರು.

ಕೊಡದೆ ಇರಬಹುದಿತ್ತು. ಮನೆಯಲ್ಲಿದೆ, ಕೀ ಇಲ್ಲ, ಹಾಳೆ ಒದ್ದೆಯಾಗಿದೆ ಎನ್ನಬಹುದಿತ್ತು. ಆದರೆ ಸುಳ್ಳನ್ನೂ ನಾನು ಬರೆದಿಡಬೇಕಾಗುತ್ತದೆ. ಚೀಲದಿಂದ ತೆಗೆದು ಕೊಟ್ಟೆ. ಪೂರ್ಣಿ ಮೇಜಿನ ಕೆಳಗೆ ನನ್ನ ಕಾಲಿಗೆ ಒದ್ದಳು. ಘೋಷಣೆಯಿಲ್ಲದೆ, ಪೂರ್ತಿ ಬಲದಿಂದ.

ಮಾವ ಸ್ಟೋರಿನ ರಿಜಿಸ್ಟರ್ ಓದುವಂತೆ ಬೆರಳಿಟ್ಟು ಓದಿದರು. “ಇದೆಂತ, ಟಿಕೆಟ್ ಒಂದು?” ಎಂದರು. ಬಸ್ಸಿನ ಕಥೆ ಹೇಳಬೇಕಾಯಿತು. ಚಿಕ್ಕಮ್ಮ ಕೈಯಲ್ಲಿದ್ದ ಸೌಟಿನ ಸಮೇತ ನಕ್ಕರು. ಮಾವ ನಗಲಿಲ್ಲ. ಪುಟ ಮಗುಚಿ, “ಮೇ ಹದಿನೇಳು, ಇಪ್ಪತ್ತಕ್ಕೆ ಎರಡು. ಇದು ಬೆಲ್ಟ್ ಬರುವ ಮುಂಚಿನದ್ದಾ, ಬಂದ ಮೇಲಿನದ್ದಾ?” ಎಂದರು.

“ಬಂದ ಮೇಲಿನದ್ದು.”

ಪೂರ್ಣಿ ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಹಾಕಿದಳು. ಅವಳ ಕಣ್ಣು ತುಂಬಿತ್ತು. ಆ ಕೆಲಸದ ಪತ್ರವನ್ನು ಅವಳು ಬೆಲ್ಟಿನ ಅಡಿಯಲ್ಲೇ ಇಟ್ಟಿದ್ದಳು.

ಮಾವ ಪುಸ್ತಕ ಮುಚ್ಚಿದರು. “ನಿಮಗೆ ಇಷ್ಟು ದಿನ ಗೊತ್ತಿರ್ಲಿಲ್ವಾ?” ಎಂದರು.

“ಎಂತ, ಮಾವ?”

“ಬೆಲ್ಟ್ ಯಾರಿಗೆ ಅಂತ ಮಾಡಿದ್ದಿರಿ? ಬಸ್ಸಿನಲ್ಲಿ ಕೈ ಹಾಕುವವನಿಗೆ ಬೆಲ್ಟ್ ಕಾಣ್ತದಾ? ಅದು ದೊಡ್ಡಕ್ಕನಿಗೆ. ಹುಡುಗಿಯನ್ನು ಕತ್ತಲೆಗೆ ನಂತೂರಿನಲ್ಲಿ ಇಳಿಸ್ತೀಯಾ, ನಿನಗೆ ತಲೆ ಸರಿ ಉಂಟಾ ಅಂತ ಸುರತ್ಕಲ್ಲಿನಿಂದ ಫೋನ್ ಮಾಡಿದ್ರೆ ನಾನೆಂತ ಹೇಳುದು? ಬ್ರೌನ್ ಬೆಲ್ಟ್ ಉಂಟಕ್ಕ ಅಂದೆ. ಮುಂದಿನ ಮಾತೇ ಬರ್ಲಿಲ್ಲ. ಅಷ್ಟು ಕೆಲಸ ಅದು ಮಾಡ್ಲಿಲ್ವಾ?”

ಮಾವನಿಗೆ ಮೊದಲೇ ಗೊತ್ತಿದ್ದ ವಿಷಯ ಗೊತ್ತಿಲ್ಲದೆ ಇದ್ದದ್ದು ಮೂರು ವರ್ಷ ಲೆಕ್ಕ ಬರೆದ ನನಗೆ. ಅಂದು ಸಂಜೆ ಹೊಸ ಸಾಲು ಸೇರಿಸಿದೆ: ‘ಬೆಲ್ಟು ತಡೆದ ದಾಳಿ 1. ದಾಳಿಕೋರರು ಮಾವನ ದೊಡ್ಡಕ್ಕ, ನಮ್ಮ ದೊಡ್ಡಮ್ಮ. ಆಯುಧ ಫೋನ್.’ ಆತ್ಮರಕ್ಷಣೆ ಎಂದು ಬರೆದ ಬೋರ್ಡು ಪೂರ್ತಿ ಸುಳ್ಳಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಯಾರಿಂದ ರಕ್ಷಣೆ ಎಂದು ಅದರಲ್ಲಿ ಬರೆದಿರಲಿಲ್ಲವಷ್ಟೆ.

“ಅದು ಬಿಡಿ,” ಮಾವ ಮತ್ತೆ ಪುಸ್ತಕ ತೆರೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಇದು ಹೇಳಿ. ಇಪ್ಪತ್ತಕ್ಕೆ ಹನ್ನೊಂದು. ಉಳಿದ ಒಂಬತ್ತು ಸಲ ಎಂತ ಮಾಡುದು?”

ಮಾವ ಎಡಗೈ ಚಾಚಿ ತಟ್ಟನೆ ಪೂರ್ಣಿಯ ಮಣಿಕಟ್ಟು ಹಿಡಿದರು. ಶಾರ್ಜಾದಲ್ಲಿ ಹನ್ನೊಂದು ವರ್ಷ ಪೆಟ್ಟಿಗೆ ಎತ್ತಿದ ಕೈ. ಪೂರ್ಣಿ ಕಲ್ಲಾದಳು. “ಮಾವ, ಬಿಡಿ,” ಎಂದಳು.

“ಬಿಡಿ ಅಂದ್ರೆ ಬಿಡುವವ ಹಿಡಿಯುದೇ ಇಲ್ಲ ಮಗಾ.”

ಅವಳು ನನ್ನ ಕಡೆ ನೋಡಿದಳು. ನಾನು ಗಡಿಯಾರ ನೋಡುತ್ತಿದ್ದೆ. ಆರನೆಯ ಸೆಕೆಂಡಿಗೆ ಅವಳು ಕುರ್ಚಿಯನ್ನು ಹಿಂದಕ್ಕೆ ದೂಡಿ, ಇಡೀ ಮೈಯ ಭಾರ ಹಾಕಿ, ಮಾವನ ಹೆಬ್ಬೆರಳಿನ ಕಡೆಗೆ ಕೈಯನ್ನು ಕಿತ್ತುಕೊಂಡಳು. ಚೊಂಬಿನ ನೀರು ಪೂರ್ತಿ ಮಾವನ ಪ್ಯಾಂಟಿನ ಮೇಲೆ. ಪೂರ್ಣಿ ಆಗಲೇ ಬಾಗಿಲ ಬಳಿ ಇದ್ದಳು.

“ಪೆಟ್ಟಾಯ್ತಾ ಮಾವ?” ಎಂದಳು ಅಲ್ಲಿಂದ.

“ಆಯ್ತು,” ಎಂದರು ಮಾವ, ಹೆಬ್ಬೆರಳು ತಿಕ್ಕಿಕೊಳ್ಳುತ್ತಾ. ಆ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಮೇ ತಿಂಗಳ ಕೊನೆಯಲ್ಲಿ ಮೊದಲ ಮಳೆ ಬಂದ ದಿನ ಮಾತ್ರ ಕಂಡಿದ್ದೆ. “ಒಂದನೇ ತಾರೀಕಿಗೆ ಹೋಗು. ಆದ್ರೆ ಶನಿವಾರದ ಟೆರೇಸು ನಿಲ್ಬಾರ್ದು. ನಾನೂ ಬರ್ತೇನೆ. ನೀವಿಬ್ರು ಒಬ್ರನ್ನೊಬ್ರು ಬಾಯಿಪಾಠ ಮಾಡಿ ಆಗಿದೆ.”

ಆ ಮಾತು ನನಗೆ ನಾಟಿತು. ನಾವು ಟೆರೇಸಿನಲ್ಲಿ ಜಂಬದಿಂದ ನಿಜವಾದ ಹೊಡೆದಾಟ ಎಂದುಕೊಂಡದ್ದೂ ನಿಧಾನವಾಗಿ ಒಂದು ಕುಣಿತವಾಗುತ್ತಿತ್ತು. ನಾನು ಎಡಗಡೆಯಿಂದ ಬರುತ್ತೇನೆಂದು ಅವಳಿಗೆ ಗೊತ್ತು. ಅವಳು ಬಗ್ಗುತ್ತಾಳೆಂದು ನನಗೆ ಗೊತ್ತು. ಹೊಸ ಕೈ ಬಂದ ಕೂಡಲೇ ಲೆಕ್ಕ ಇಳಿಯಿತು. ಜೂನ್ ಇಪ್ಪತ್ತೊಂದಕ್ಕೆ, ಮಾವನ ಎದುರು, ಪೂರ್ಣಿಗೆ ಇಪ್ಪತ್ತರಲ್ಲಿ ಮೂರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ನಡುನಡುವೆ ಅಂಗಡಿಯ ಫೋನಿಗೆ ಉತ್ತರಿಸುತ್ತಾ, ಫೋನಿನಲ್ಲಿ ಮಾತಾಡುತ್ತಿದ್ದಾರೆಂದು ನಾವು ಸಡಿಲವಾದಾಗಲೇ ಹಿಡಿಯುವ ಮನುಷ್ಯ ಅವರು. ನಿನ್ನೆ ಎಂಟಕ್ಕೆ ಬಂತು. ನನಗೆ ಆರು, ಮತ್ತು ಈ ಮೊಣಕೈ.

ಪೂರ್ಣಿ ಕೆಲಸಕ್ಕೆ ಹೋಗಲು ಶುರುಮಾಡಿ, ಭಾನುವಾರ ಬಿಟ್ಟು, ನಿನ್ನೆಗೆ ಹನ್ನೊಂದು ದಿನ. ಹನ್ನೊಂದೂ ದಿನ ರಾತ್ರಿ ಒಂಬತ್ತರ ಒಳಗೆ ಮನೆಯಲ್ಲಿದ್ದಾಳೆ. ಸಂದರ್ಭಗಳು 0. ಈ ಸೊನ್ನೆಯನ್ನು ಯಾರ ಖಾತೆಗೆ ಹಾಕಬೇಕೆಂದು ತಿಳಿಯದೆ ಪುಟದ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಅವಳು ನಂತೂರಿನಲ್ಲಿ ಬೆಳಕಿರುವ ಅಂಗಡಿಯ ಮುಂದೆಯೇ ನಿಲ್ಲುತ್ತಾಳೆ. ಅದೇ ಕಚೇರಿಯ ಇನ್ನಿಬ್ಬರು ಜೊತೆಗಿರುತ್ತಾರೆ. ಇಯರ್‌ಫೋನ್ ಹಾಕುವುದಿಲ್ಲ. ಇದರಲ್ಲಿ ಯಾವುದಕ್ಕೂ ಬೆಲ್ಟು ಕೊಡುವುದಿಲ್ಲ. ಏನೂ ಆಗದ ದಿನ, ಕಲಿತದ್ದು ಸಾಲುತ್ತದೆ ಎಂಬುದಕ್ಕೂ ಸಾಕ್ಷಿಯಲ್ಲ, ಸಾಲದು ಎಂಬುದಕ್ಕೂ ಸಾಕ್ಷಿಯಲ್ಲ. ಮೂರು ವರ್ಷ ನಮ್ಮ ತರಗತಿಯೂ ಇಂಥ ಸೊನ್ನೆಗಳನ್ನೇ ಗೆಲುವು ಎಂದು ಎಣಿಸಿಕೊಂಡು ಬಂದದ್ದು.

ನಿನ್ನೆ ಮೆಟ್ಟಿಲಿಳಿಯುವಾಗ ಮಾವ ನಿಂತು ಕೇಳಿದರು: “ಎಷ್ಟಾದ್ರೆ ಸಾಕು ಅಂತ ನಿನ್ನ ಪುಸ್ತಕದಲ್ಲಿ ಉಂಟಾ ಚೈತ್ರಾ? ಎಂಟಾಯ್ತು. ಹನ್ನೆರಡಾದ್ರೆ ನಾನು ಧೈರ್ಯದಲ್ಲಿ ಅಂಗಡಿಯಲ್ಲಿ ಕೂರಬಹುದಾ? ಹದಿನೈದಾ?” ಕೇಳುವಾಗ ಅವರು ತಮಾಷೆ ಮಾಡುತ್ತಿರಲಿಲ್ಲ. ಏಳೂವರೆಯಿಂದ ಒಂಬತ್ತರ ತನಕ ಅವರು ಕೊಡೆ ಮಾರುತ್ತಾ ಎಷ್ಟು ಸಲ ಗಡಿಯಾರ ನೋಡುತ್ತಾರೆಂದು ಅಂಗಡಿಯವರು ನನಗೆ ಹೇಳಿದ್ದಾರೆ. ಅದನ್ನೂ ಬರೆದಿಟ್ಟಿದ್ದೇನೆ, ಆದರೆ ಇಲ್ಲಿ ಹೇಳುವುದಿಲ್ಲ.

ನನ್ನ ಪುಸ್ತಕದಲ್ಲಿ ಆ ಸಂಖ್ಯೆ ಇಲ್ಲ. ಹನೀಫ್ ಸರ್ ಹತ್ತಿರವೂ ಇಲ್ಲ. ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ: ಇಪ್ಪತ್ತರಲ್ಲಿ ಎಷ್ಟು ಸಲ ಬಿಡಿಸಿಕೊಂಡರೆ ಸಾಕು? ಜೊತೆಗೆ, ಸ್ವತಃ ಎಷ್ಟು ಪೆಟ್ಟು ತಿಂದ ಮೇಲೆ ಆ ಸಂಖ್ಯೆಗೆ ಬಂದಿರಿ ಎಂಬುದನ್ನೂ ತಿಳಿಸಿ. ಹತ್ತು ಸಾಕು ಎನ್ನುವವರ ಮಾತು ಕೇಳುತ್ತೇನೆ, ಹದಿನೆಂಟು ಬೇಕು ಎನ್ನುವವರದ್ದೂ ಕೇಳುತ್ತೇನೆ. ಇಪ್ಪತ್ತಕ್ಕೆ ಇಪ್ಪತ್ತು ಗ್ಯಾರಂಟಿ ಎನ್ನುವವರು ಮಾತ್ರ ಶ್ರಮ ತೆಗೆದುಕೊಳ್ಳಬೇಡಿ. ಅವರ ತರಗತಿಗೆ ನಾನು ಮೂರು ವರ್ಷ ಹೋಗಿದ್ದೇನೆ.